ಕಾಲಿಗೆ ಪ್ಲಾಸ್ಟರ್ ಹಾಕಿದ್ದರು, ಉಸಿರು ಕಟ್ಟಿದ್ದು ಯಾಕೆ?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಹಳ್ಳಿ. ಅಪ್ಪನಿಗೆ 58 ವರ್ಷ, ಕಬ್ಬು ಬೆಳೆಯುತ್ತಾರೆ. ಬಿಪಿ, ಶುಗರ್ ಏನೂ ಇರಲಿಲ್ಲ. ನಾಲೆ ಏರಿ ಮೇಲೆ ಮೊಪೆಡ್ ಜಾರಿ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಆಪರೇಷನ್ ಬೇಡ ಅಂತ ಪ್ಲಾಸ್ಟರ್ ಹಾಕಿ ಕಳಿಸಿದರು. ಮೂರನೇ ವಾರ ಒಂದು ಬೆಳಿಗ್ಗೆ ಬಚ್ಚಲಿಗೆ ಹೋಗಲು ಎದ್ದವರು ಏದುಸಿರು ಬಿಡುತ್ತಾ ತಲೆ ಸುತ್ತಿ ಕುಸಿದರು. ಹತ್ತಿರದ ನರ್ಸಿಂಗ್ ಹೋಂನಲ್ಲಿ ಇಸಿಜಿ ತೆಗೆದು, ಹಾರ್ಟ್ ಅಟ್ಯಾಕ್ ಅಲ್ಲ, ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಮಾರನೇ ದಿನ ಜಾಸ್ತಿಯಾಗಿ ಮೈಸೂರಿಗೆ ಕರೆತಂದೆವು. ಸಿಟಿ ಸ್ಕ್ಯಾನ್ ಮಾಡಿ ಎರಡೂ ಶ್ವಾಸಕೋಶದಲ್ಲಿ ಹೆಪ್ಪು ಇದೆ, ಪಲ್ಮನರಿ ಎಂಬಾಲಿಸಂ ಅಂದರು. ಬಿಪಿ 110 ಇತ್ತು. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನ್‌ನಲ್ಲಿ, ಹೃದಯದ ಬಲಭಾಗ ಊದಿದೆ, ಹೃದಯದ ಸ್ನಾಯುವಿಗೆ ತೊಂದರೆಯಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ಜಾಸ್ತಿ ಇದೆ ಅಂದರು. ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್ ಕೊಟ್ಟು, ಆಮೇಲೆ ರಕ್ತ ತೆಳು ಮಾಡುವ ಮಾತ್ರೆ ರಿವರೋಕ್ಸಬಾನ್ 15 ಮಿಲಿಗ್ರಾಂ ದಿನಕ್ಕೆರಡು ಸಲ ಅಂತ ಬರೆದು ಮನೆಗೆ ಕಳಿಸಿದ್ದಾರೆ. ಈಗ ಎರಡು ವಾರವಾಯಿತು. ಮೊದಲ ಕಡೆ ಯಾಕೆ ಗೊತ್ತಾಗಲಿಲ್ಲ? ಹಾರ್ಟ್ ಅಟ್ಯಾಕ್‌ಗೆ ಕೊಡುವ, ಹೆಪ್ಪು ಕರಗಿಸುವ ಇಂಜೆಕ್ಷನ್ ಯಾಕೆ ಕೊಡಲಿಲ್ಲ? ಪ್ಲಾಸ್ಟರ್ ಹಾಕಿದವರು ಮೊದಲೇ ಮಾತ್ರೆ ಕೊಡಬೇಕಿತ್ತು ಅಂತ ಅಣ್ಣ ಜಗಳಕ್ಕೆ ಹೊರಟಿದ್ದಾನೆ. ಮಾತ್ರೆ ಎಷ್ಟು ದಿನ? ಸೊಪ್ಪು ತಿನ್ನಬಾರದಂತೆ, ನಿಜವಾ? ಅಪ್ಪ ಮತ್ತೆ ಗದ್ದೆಗೆ ಇಳಿಯಬಹುದಾ? ತಂಗಿ ಈಗ ಬಾಣಂತಿ, ಇದು ವಂಶದಲ್ಲಿ ಬರುತ್ತಾ?

ಉತ್ತರ: ನೀವು ಕೇಳಲು ಹಿಂಜರಿದ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅಪ್ಪ ಉಳಿಯುತ್ತಾರಾ ಅನ್ನೋದು ಅಲ್ವಾ? ನೀವು ಬರೆದಿರುವುದನ್ನು ನೋಡಿದರೆ ತೀರಾ ಅಪಾಯದ ದಿನಗಳನ್ನು ಅವರು ದಾಟಿದ್ದಾರೆ. ಈ ಕಾಯಿಲೆಯಲ್ಲಿ ಸಾವು ಬರುವುದು ಹೆಚ್ಚಾಗಿ ಮೊದಲ ಕೆಲವು ಗಂಟೆ, ಕೆಲವು ದಿನಗಳಲ್ಲಿ. ಅದರಲ್ಲೂ ಕಾಯಿಲೆ ಗೊತ್ತಾಗದೆ, ಚಿಕಿತ್ಸೆ ಶುರುವಾಗದೆ ಇರುವಾಗ. ಅಪ್ಪ ಒಂದು ದಿನ ಚಿಕಿತ್ಸೆ ಇಲ್ಲದೆ ಕಳೆದಿದ್ದಾರೆ, ಆದರೂ ತಡೆದುಕೊಂಡಿದ್ದಾರೆ. ಇನ್ನು ಮುಂದಿನದು ಬಹುಪಾಲು ಮಾತ್ರೆಯ ಮೇಲೆ ನಿಂತಿದೆ.

ಆಗಿದ್ದು ಏನು ಅಂತ ಮೊದಲು ತಿಳಿದುಕೊಳ್ಳಿ. ನಾವು ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಪ್ಲಾಸ್ಟರ್ ಹಾಕಿದ ಕಾಲಿನಲ್ಲಿ ಆ ಕೆಲಸ ನಿಂತುಹೋಗುತ್ತದೆ, ರಕ್ತ ನಿಧಾನವಾಗುತ್ತದೆ. ಮೂಳೆ ಮುರಿದಾಗ ಅಕ್ಕಪಕ್ಕದ ರಕ್ತನಾಳಕ್ಕೂ ಪೆಟ್ಟಾಗಿರುತ್ತದೆ. ಗಾಯವಾದ ದೇಹ ರಕ್ತಸ್ರಾವ ನಿಲ್ಲಿಸಲು ರಕ್ತವನ್ನು ಬೇಗ ಹೆಪ್ಪುಗಟ್ಟುವಂತೆ ಮಾಡಿಕೊಂಡಿರುತ್ತದೆ. ಈ ಮೂರೂ ಸೇರಿದರೆ ಕಾಲಿನ ಒಳಗಿನ ದೊಡ್ಡ ರಕ್ತನಾಳದಲ್ಲಿ ಹೆಪ್ಪು ಕೂರುತ್ತದೆ. ಶ್ವಾಸಕೋಶದಲ್ಲಿ ಸಿಗುವ ಹೆಪ್ಪು ಅಲ್ಲೇ ಹುಟ್ಟಿದ್ದಲ್ಲ, ಕಾಲಿನಿಂದ ಬಂದದ್ದು ಅಂತ 19ನೇ ಶತಮಾನದಲ್ಲೇ ತೋರಿಸಿಕೊಟ್ಟವರು ಜರ್ಮನಿಯ ರುಡಾಲ್ಫ್ ವಿರ್ಚೋ. ಅಪ್ಪನಿಗೆ ಆ ದಿನ ಹಾಸಿಗೆಯಿಂದ ಎದ್ದ ಗಳಿಗೆಯಲ್ಲಿ ಹೆಪ್ಪಿನ ತುಂಡು ಕಳಚಿರಬೇಕು. ಅದು ಹೊಟ್ಟೆಯ ದೊಡ್ಡ ರಕ್ತನಾಳ ಹಾದು, ಹೃದಯದ ಬಲಭಾಗ ದಾಟಿ, ಶ್ವಾಸಕೋಶಕ್ಕೆ ಹೋಗುವ ನಾಳದಲ್ಲಿ ಸಿಕ್ಕಿಕೊಂಡಿತು.

ಇಲ್ಲಿಂದ ಮುಂದೆ ಎಲ್ಲವೂ ಹೃದಯದ ಬಲಭಾಗದ ಕೈಯಲ್ಲಿ. ಗೇಟ್ ವಾಲ್ವ್ ಮುಚ್ಚಿಟ್ಟು ಪಂಪ್‌ಸೆಟ್ ಆನ್ ಮಾಡಿದರೆ ಮೋಟಾರ್ ಏನಾಗುತ್ತದೆ ಅಂತ ನಿಮ್ಮ ಅಪ್ಪನಿಗೆ ನಾನು ಹೇಳಿಕೊಡಬೇಕಾಗಿಲ್ಲ. ಬಲಭಾಗದ ಗೋಡೆ ತೆಳು, ಅದಕ್ಕೆ ಜಾಸ್ತಿ ಒತ್ತಡದ ಎದುರು ರಕ್ತ ತಳ್ಳಿ ಅಭ್ಯಾಸವಿಲ್ಲ. ದಿಢೀರ್ ಅಂತ ದಾರಿ ಮುಚ್ಚಿದಾಗ ಅದು ಊದಿಕೊಳ್ಳುತ್ತದೆ. ಎಡಭಾಗಕ್ಕೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಬಿಪಿ ಇಳಿಯುತ್ತದೆ, ಮಿದುಳಿಗೆ ರಕ್ತ ಸಾಲದೆ ತಲೆ ಸುತ್ತುತ್ತದೆ. ಎಕೋದಲ್ಲಿ ಕಂಡ ಊತ ಇದೇ. ಟ್ರೋಪೋನಿನ್ ಏರಿದ್ದು ಆ ಭಾಗದ ಸ್ನಾಯು ಬಳಲಿದ್ದರಿಂದ. ಸಿಟಿಯಲ್ಲಿ ಹೆಪ್ಪು ಎಷ್ಟು ದೊಡ್ಡದಿತ್ತು ಅಂತ ಮನೆಯವರೆಲ್ಲ ಕೇಳುತ್ತಾರೆ. ನಾವು ಡಾಕ್ಟರ್‌ಗಳು ಅದಕ್ಕಿಂತ ಮೊದಲು ನೋಡುವುದು ಬಿಪಿ ಎಷ್ಟಿದೆ, ಬಲಭಾಗ ಹೇಗಿದೆ ಅಂತ.

ಇನ್ನು ಮೊದಲ ಆಸ್ಪತ್ರೆಯ ಮಾತು. ಈ ಕಾಯಿಲೆಗೆ ತನ್ನದೇ ಅಂತ ಒಂದು ಮುಖವಿಲ್ಲ. ಸುಮಾರು ನಾಲ್ವರಲ್ಲಿ ಮೂವರಿಗೆ ಉಸಿರಾಟದ ತೊಂದರೆ ಬರುತ್ತದೆ. ಅರ್ಧದಷ್ಟು ಜನಕ್ಕೆ ಉಸಿರು ಎಳೆದಾಗ ಪಕ್ಕೆಯಲ್ಲಿ ಚುಚ್ಚುತ್ತದೆ. ಕೆಲವರಿಗೆ ಬರೀ ಕೆಮ್ಮು, ಕೆಲವರಿಗೆ ಕಫದಲ್ಲಿ ರಕ್ತ, ಹತ್ತರಲ್ಲಿ ಒಬ್ಬರಿಗೆ ಅಪ್ಪನಿಗಾದಂತೆ ಪ್ರಜ್ಞೆ ತಪ್ಪುವುದು. ಇವೆಲ್ಲ ನ್ಯುಮೋನಿಯಾದಲ್ಲೂ ಇರುತ್ತವೆ, ಅಸ್ತಮಾದಲ್ಲೂ ಇರುತ್ತವೆ, ಸುಮ್ನೆ ಗಾಬರಿಯಾದವರಲ್ಲೂ ಇರುತ್ತವೆ. ಇನ್ನೂ ಕಷ್ಟ ಅಂದರೆ, ಸುಮಾರು ಅರ್ಧ ಜನರ ಕಾಲನ್ನು ಮುಟ್ಟಿ ನೋಡಿದರೂ ಊತ, ನೋವು ಏನೂ ಸಿಗುವುದಿಲ್ಲ. ಎದೆಯ ಎಕ್ಸ್‌ರೇ ಎಷ್ಟೋ ಸಲ ಸ್ವಚ್ಛವಾಗಿಯೇ ಇರುತ್ತದೆ. ಇಸಿಜಿಯಲ್ಲಿ ಹೆಚ್ಚಾಗಿ ಕಾಣುವುದು ಎದೆಬಡಿತ ಜೋರಾಗಿದೆ ಅನ್ನೋದು ಮಾತ್ರ. ಮೆಡಿಕಲ್ ಕಾಲೇಜಿನಲ್ಲಿ ಎಲ್ಲರೂ ಬಾಯಿಪಾಠ ಮಾಡುವ ಒಂದು ಇಸಿಜಿ ಗುರುತಿದೆ. ಅದು ನಿಜವಾದ ರೋಗಿಗಳಲ್ಲಿ ಸಿಗುವುದು ಅಪರೂಪ. ಪರೀಕ್ಷೆಯಲ್ಲಿ ಮಾತ್ರ ತಪ್ಪದೆ ಬರುತ್ತದೆ!

ಹಾಗಂತ ‘ಗ್ಯಾಸ್ಟ್ರಿಕ್’ ಅಂದದ್ದನ್ನು ನಾನು ಒಪ್ಪುವುದಿಲ್ಲ. ಗ್ಯಾಸ್ಟ್ರಿಕ್‌ಗೆ ಮನುಷ್ಯ ಪ್ರಜ್ಞೆ ತಪ್ಪಿ ಬೀಳುವುದಿಲ್ಲ. ನಮ್ಮ ಕಡೆ ಎದೆ, ಹೊಟ್ಟೆ, ಬೆನ್ನು ಎಲ್ಲಿ ಏನಾದರೂ ಗ್ಯಾಸ್ಟ್ರಿಕ್ ಅಂದುಬಿಡುವ ಚಾಳಿ ಇದೆ. ಅದು ರೋಗಿಗೂ ಸಮಾಧಾನ, ಡಾಕ್ಟರಿಗೂ ಸಲೀಸು. ಇಲ್ಲಿ ಸುಳಿವು ಕಾಲಿನ ಮೇಲೇ ಇತ್ತು, ಬೆಳ್ಳಗೆ, ಗಟ್ಟಿಯಾಗಿ. ಪ್ಲಾಸ್ಟರ್ ಹಾಕಿದ ಕಾಲು, ದಿಢೀರ್ ಏದುಸಿರು, ಇಸಿಜಿಯಲ್ಲಿ ಹಾರ್ಟ್ ಅಟ್ಯಾಕ್ ಇಲ್ಲ. ಈ ಮೂರು ಒಟ್ಟಿಗೆ ಬಂದರೆ ಬೇರೇನು ಅಂತ ತೀರ್ಮಾನವಾಗುವವರೆಗೆ ಅದು ಎಂಬಾಲಿಸಂ ಅಂತಲೇ ನೋಡಬೇಕು. ಡಾಕ್ಟರ್‌ಗಳು ಬಳಸುವ ವೆಲ್ಸ್ ಸ್ಕೋರ್ ಅನ್ನುವ ಲೆಕ್ಕ ಕೂಡ ಇದನ್ನೇ ಕೇಳುತ್ತದೆ. ಕಾಲಿನಲ್ಲಿ ಹೆಪ್ಪಿನ ಲಕ್ಷಣ ಇದೆಯಾ, ಎದೆಬಡಿತ 100 ದಾಟಿದೆಯಾ, ಮೂರು ದಿನಕ್ಕಿಂತ ಜಾಸ್ತಿ ಮಲಗಿದ್ದರಾ, ನಾಲ್ಕು ವಾರದೊಳಗೆ ಆಪರೇಷನ್ ಆಗಿತ್ತಾ, ಹಿಂದೆ ಹೆಪ್ಪು ಬಂದಿತ್ತಾ, ಕಫದಲ್ಲಿ ರಕ್ತ ಇದೆಯಾ, ಕ್ಯಾನ್ಸರ್ ಇದೆಯಾ. ಅದರ ಜೊತೆಗೆ, ಬೇರೆ ಯಾವ ಕಾಯಿಲೆಗಿಂತ ಇದೇ ಇರಬಹುದು ಅಂತ ಡಾಕ್ಟರಿಗೆ ಅನಿಸುತ್ತದಾ. ಇದರಲ್ಲಿ ಅರ್ಧಕ್ಕೆ ಮೆಷಿನ್ ಬೇಕಿಲ್ಲ, ರೋಗಿಯ ಕಥೆ ಸಾಕು.

ಹೆಪ್ಪು ಒಡೆದಾಗ ರಕ್ತಕ್ಕೆ ಸೇರುವ ಚೂರುಗಳನ್ನು ಅಳೆಯುವ ಡಿ-ಡೈಮರ್ ರಕ್ತ ಪರೀಕ್ಷೆ ಮಾಡಿಸಿದ್ದರೆ ಗೊತ್ತಾಗುತ್ತಿತ್ತಲ್ಲ ಅಂತ ಯಾರಾದರೂ ನಿಮಗೆ ಹೇಳಬಹುದು. ಆ ಪರೀಕ್ಷೆಯ ಉಪಯೋಗ, ಅನುಮಾನ ಕಡಿಮೆ ಇರುವವರಲ್ಲಿ ಕಾಯಿಲೆ ಇಲ್ಲ ಅಂತ ಖಚಿತ ಮಾಡುವುದಕ್ಕೆ. ಮೂಳೆ ಮುರಿದವರಲ್ಲಿ, ಆಪರೇಷನ್ ಆದವರಲ್ಲಿ, ಗರ್ಭಿಣಿಯರಲ್ಲಿ, ಸೋಂಕು ಇರುವವರಲ್ಲಿ ಅದು ಹೇಗೂ ಏರಿರುತ್ತದೆ. ಅಪ್ಪನಂಥವರನ್ನು ನೇರ ಸಿಟಿ ಆಂಜಿಯೋಗೆ, ಅಂದರೆ ರಕ್ತನಾಳ ತೋರಿಸುವ ಸಿಟಿ ಸ್ಕ್ಯಾನ್‌ಗೆ, ಕಳಿಸುವುದೇ ಸರಿ. ಮೈಸೂರಿನವರು ಅದನ್ನೇ ಮಾಡಿದ್ದಾರೆ. ಸಣ್ಣ ನರ್ಸಿಂಗ್ ಹೋಂನಲ್ಲಿ ಈ ಸ್ಕ್ಯಾನ್ ಇರುವುದಿಲ್ಲ. ಅನುಮಾನ ಬಂದ ಕೂಡಲೇ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ದೊಡ್ಡ ಆಸ್ಪತ್ರೆಗೋ ಕಳಿಸಬೇಕಿತ್ತು.

ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡದಿದ್ದದ್ದು ತಪ್ಪಲ್ಲ. ನನ್ನ ಕೈಯಲ್ಲಿದ್ದರೂ ಕೊಡುತ್ತಿರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆಸ್ಪತ್ರೆ ಬಾಗಿಲಲ್ಲಿ ಅತಿ ಹೆಚ್ಚು ಜಗಳವಾಗುವುದು ಈ ವಿಷಯಕ್ಕೆ.

ಎಂಬಾಲಿಸಂ ರೋಗಿಗಳನ್ನು ನಾವು ಸ್ಥೂಲವಾಗಿ ಮೂರು ಬಗೆ ಮಾಡುತ್ತೇವೆ. ಮೇಲಿನ ಬಿಪಿ 90ಕ್ಕಿಂತ ಕೆಳಗಿಳಿದು, ಮೈಗೆಲ್ಲ ರಕ್ತ ಸಾಲದೆ ಶಾಕ್‌ಗೆ ಹೋದವರು ಒಂದು ಬಗೆ. ನೂರಕ್ಕೆ ಸುಮಾರು ಐವರು ಹೀಗಿರುತ್ತಾರೆ. ಬಿಪಿ ಸರಿಯಿದ್ದು ಹೃದಯದ ಬಲಭಾಗ ಬಳಲಿರುವವರು ಎರಡನೇ ಬಗೆ. ಬಿಪಿಯೂ ಸರಿ, ಹೃದಯವೂ ಸರಿ ಇರುವವರು ಮೂರನೇ ಬಗೆ. ಅವರಲ್ಲಿ ಕೆಲವರನ್ನು ಬೇಗನೆ ಮನೆಗೂ ಕಳಿಸಬಹುದು. ಈ ವ್ಯತ್ಯಾಸ ಎಷ್ಟು ದೊಡ್ಡದು ಅನ್ನೋದಕ್ಕೆ 1999ರಲ್ಲಿ ಪ್ರಕಟವಾದ ಒಂದು ದೊಡ್ಡ ದಾಖಲೆ ಇದೆ. ಏಳು ದೇಶಗಳ 52 ಆಸ್ಪತ್ರೆಗಳ 2,454 ರೋಗಿಗಳ ಲೆಕ್ಕ ಅದು. ಮೂರು ತಿಂಗಳೊಳಗೆ ತೀರಿಕೊಂಡವರು ಒಟ್ಟು 17.4%. ಆದರೆ ಶಾಕ್‌ನಂಥ ಸ್ಥಿತಿಯಲ್ಲಿ ಬಂದವರಲ್ಲಿ ಇದು 58%ರಷ್ಟು, ಉಳಿದವರಲ್ಲಿ 15%ರಷ್ಟು. ಸತ್ತವರಲ್ಲಿ ಹಲವರಿಗೆ ಕ್ಯಾನ್ಸರ್‌ನಂಥ ಬೇರೆ ಕಾಯಿಲೆಗಳೂ ಇದ್ದವು. ಆ ಅಂಕಿಯನ್ನು ಹಾಗೇ ಎತ್ತಿ ಅಪ್ಪನ ಮೇಲೆ ಇಡಬೇಡಿ.

ಅಪ್ಪ ಎರಡನೇ ಬಗೆ. ಇಂಥವರ ಮೇಲೇ 2014ರಲ್ಲಿ ಪೀಥೋ ಅನ್ನುವ ಅಧ್ಯಯನ ಬಂತು. ಬಿಪಿ ಚೆನ್ನಾಗಿದ್ದು, ಬಲಭಾಗ ಊದಿ, ಟ್ರೋಪೋನಿನ್ ಏರಿದ್ದ ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಎಲ್ಲರಿಗೂ ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್, ಅರ್ಧ ಜನಕ್ಕೆ ಅದರ ಜೊತೆಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್. ಕರಗಿಸುವ ಔಷಧಿ ಪಡೆದವರಲ್ಲಿ ಸಾವು ಅಥವಾ ಬಿಪಿ ಕುಸಿತ 2.6%, ಬರೀ ಹೆಪಾರಿನ್ ಪಡೆದವರಲ್ಲಿ 5.6%. ಇಷ್ಟೇ ಓದಿದರೆ ಎಲ್ಲರಿಗೂ ಕೊಡಬೇಕು ಅನಿಸುತ್ತದೆ. ಆದರೆ ಪಾರ್ಶ್ವವಾಯು ಆದವರು 2.4%, ಹೆಪಾರಿನ್ ಗುಂಪಿನಲ್ಲಿ 0.2% ಮಾತ್ರ. ಅದರಲ್ಲಿ ಹೆಚ್ಚಿನದು ಮಿದುಳಿನ ರಕ್ತಸ್ರಾವ. ಒಂದು ವಾರದೊಳಗಿನ ಸಾವು ನೋಡಿದರೆ 1.2% ಮತ್ತು 1.8%. ದೊಡ್ಡ ಅಂತರವೇ ಇಲ್ಲ. ವರ್ಷಗಳ ನಂತರ ನೋಡಿದಾಗಲೂ ಎರಡು ಗುಂಪಿನವರ ಉಸಿರಾಟದಲ್ಲಿ ಹೇಳಿಕೊಳ್ಳುವಂಥ ಫರಕು ಕಾಣಲಿಲ್ಲ. ಅದಕ್ಕೇ ಇಂಥವರನ್ನು ಐಸಿಯುನಲ್ಲಿಟ್ಟು, ಹೆಪಾರಿನ್ ಕೊಟ್ಟು, ಬಿಪಿ ಮೇಲೆ ಕಣ್ಣಿಟ್ಟಿರುತ್ತೇವೆ. ಬಿಪಿ ಕುಸಿದರೆ ಆಗ ಕರಗಿಸುವ ಔಷಧಿ ಕೈಗೆತ್ತಿಕೊಳ್ಳುತ್ತೇವೆ. ಅಪ್ಪನ ವಿಷಯದಲ್ಲಿ ಇನ್ನೂ ಒಂದು ಅಡ್ಡಿ ಇತ್ತು. ಮೂರು ವಾರದೊಳಗೆ ದೊಡ್ಡ ಪೆಟ್ಟು ಬಿದ್ದವರಿಗೆ ಈ ಔಷಧಿ ಕೊಡಲು ಯಾರಿಗೂ ಧೈರ್ಯ ಬರುವುದಿಲ್ಲ. ಮುರಿದ ಜಾಗದಲ್ಲೇ ರಕ್ತ ಸುರಿಯಬಹುದು.

ಹಾಗಾದರೆ ಹೊಟ್ಟೆಗೆ ಕೊಟ್ಟ ಇಂಜೆಕ್ಷನ್ ಮಾಡಿದ್ದೇನು? ಅದು ಹೆಪಾರಿನ್ ಜಾತಿಯದು. ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತದೆ. ಕರಗಿಸುವ ಕೆಲಸವನ್ನು ದೇಹವೇ ವಾರಗಟ್ಟಲೆ ನಿಧಾನವಾಗಿ ಮಾಡಿಕೊಳ್ಳುತ್ತದೆ. ಇಷ್ಟರಿಂದ ಏನು ಮಹಾ ಪ್ರಯೋಜನ ಅಂತ ಕೇಳಬೇಡಿ. 1960ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಬ್ಯಾರಿಟ್ ಮತ್ತು ಜೋರ್ಡನ್ ಎಂಬ ಡಾಕ್ಟರ್‌ಗಳು ಇದನ್ನು ಪರೀಕ್ಷಿಸಿದರು. ಚಿಕಿತ್ಸೆ ಪಡೆಯದ 19 ಜನರಲ್ಲಿ 5 ಜನ ಎಂಬಾಲಿಸಂನಿಂದಲೇ ಸತ್ತರು, ಇನ್ನೂ 5 ಜನರ ಶ್ವಾಸಕೋಶಕ್ಕೆ ಮತ್ತೆ ಹೆಪ್ಪು ಹೋಗಿ ಸಿಕ್ಕಿಕೊಂಡಿತು. ಚಿಕಿತ್ಸೆ ಪಡೆದ 16 ಜನರಲ್ಲಿ ಎಂಬಾಲಿಸಂನಿಂದ ಒಬ್ಬರೂ ಸಾಯಲಿಲ್ಲ. ಆಮೇಲೆ ಔಷಧಿ ಕೊಡದೆ ಸುಮ್ನೆ ಬಿಟ್ಟು ನೋಡುವ ಧೈರ್ಯ ಯಾರಿಗೂ ಉಳಿಯಲಿಲ್ಲ.

ಅಣ್ಣನಿಗೆ ಹೇಳಿ, ಮೂಳೆ ಡಾಕ್ಟರ ಮೇಲೆ ಜಗಳಕ್ಕೆ ಹೋಗುವುದು ಬೇಡ. ಸೊಂಟದ ಮೂಳೆ ಮುರಿದರೆ, ಮಂಡಿ ಬದಲಾಯಿಸುವ ಆಪರೇಷನ್ ಆದರೆ ರಕ್ತ ತೆಳು ಮಾಡುವ ಔಷಧಿ ಕೊಡಲೇಬೇಕು. ಮೊಣಕಾಲಿನ ಕೆಳಗೆ ಬರೀ ಪ್ಲಾಸ್ಟರ್ ಹಾಕಿದವರಿಗೆ ಬೇಕಾ ಅಂತ 2017ರಲ್ಲಿ ನೆದರ್ಲೆಂಡ್ಸ್‌ನ ಒಂದು ಅಧ್ಯಯನ ನೋಡಿತು. ಇಂಜೆಕ್ಷನ್ ಕೊಟ್ಟವರಲ್ಲಿ 1.4% ಜನಕ್ಕೆ, ಕೊಡದವರಲ್ಲಿ 1.8% ಜನಕ್ಕೆ ಹೆಪ್ಪಿನ ತೊಂದರೆ ಬಂತು. ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಎಲ್ಲರಿಗೂ ಕೊಡಬೇಕೆಂಬ ನಿಯಮ ಇಲ್ಲ. ಹಿಂದೆ ಹೆಪ್ಪು ಬಂದಿದ್ದವರಿಗೆ, ಕ್ಯಾನ್ಸರ್ ಇರುವವರಿಗೆ, ತೀರಾ ದಪ್ಪಗಿರುವವರಿಗೆ ಯೋಚಿಸಿ ಕೊಡುತ್ತಾರೆ. ನನ್ನ ತಕರಾರು ಬೇರೆಯದು. ಪ್ಲಾಸ್ಟರ್ ಹಾಕಿ ಕಳಿಸುವಾಗ ‘ಕಾಲು ಬಿಗಿದುಕೊಂಡರೆ, ಏದುಸಿರು ಬಂದರೆ ತಕ್ಷಣ ಬನ್ನಿ’ ಅನ್ನುವ ಒಂದು ಮಾತು ಹೇಳಬೇಕು. ಅದಕ್ಕೆ ದುಡ್ಡು ಬೇಡ, ಸಮಯವೂ ಬೇಡ. ಪಟ್ಟು ಹಾಕುವ ನಾಟಿ ವೈದ್ಯರ ಬಳಿ ಹೋದವರಿಗೂ ಇದು ಅಷ್ಟೇ ಅನ್ವಯ. ಅಲುಗಾಡದ ಕಾಲಿಗೆ ಪ್ಲಾಸ್ಟರ್ ಆದರೇನು, ಬಿದಿರು ದಬ್ಬೆ ಆದರೇನು.

ಈಗ ಮಾತ್ರೆ. ರಿವರೋಕ್ಸಬಾನ್ ಮೊದಲ 21 ದಿನ 15 ಮಿಲಿಗ್ರಾಂ ದಿನಕ್ಕೆರಡು, ಆಮೇಲೆ 20 ಮಿಲಿಗ್ರಾಂ ದಿನಕ್ಕೊಂದು. ಈ ಬದಲಾವಣೆಯ ದಿನ ಬಹಳ ಜನ ಎಡವುತ್ತಾರೆ. ಕೆಲವರು ಚೀಟಿ ಮುಗಿಯಿತು ಅಂತ ನಿಲ್ಲಿಸಿಬಿಡುತ್ತಾರೆ, ಕೆಲವರು 15ನ್ನೇ ಎರಡು ಸಲ ತಿಂಗಳುಗಟ್ಟಲೆ ನುಂಗುತ್ತಾರೆ. ಎರಡೂ ಅಪಾಯ. ಆಸ್ಪತ್ರೆಗೆ ಇವತ್ತೇ ಫೋನ್ ಮಾಡಿ, ಯಾವ ತಾರೀಖಿನಿಂದ 20 ಅಂತ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮಾತ್ರೆಯನ್ನು ಊಟದ ಜೊತೆಗೇ ಕೊಡಿ, ಖಾಲಿ ಹೊಟ್ಟೆಯಲ್ಲಿ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಮುದ್ದೆ ಊಟ ಮುಗಿಸಿ ಅಲ್ಲೇ ನುಂಗಿದರೆ ಆಯಿತು. ಮೊದಲಿಗಿಂತ ಈಗ ಬೆಲೆ ಇಳಿದಿದೆ, ಜನರಿಕ್ ಸಿಗುತ್ತದೆ. ದುಡ್ಡಿಗೆ ತೊಂದರೆಯಾದರೆ ಡಾಕ್ಟರಿಗೆ ಹೇಳಿ ಬದಲಿ ಮಾತ್ರೆ ಬರೆಸಿಕೊಳ್ಳಿ. ಹೇಳದೆ ಬಿಡಬೇಡಿ.

ಸೊಪ್ಪಿನ ಮಾತು ಈ ಮಾತ್ರೆಗೆ ಸಂಬಂಧಿಸಿದ್ದಲ್ಲ. ಅದು ವಾರ್ಫರಿನ್, ಅಸೆನೋಕುಮರಾಲ್ ಅನ್ನುವ ಹಳೆಯ ಮಾತ್ರೆಗಳಿಗೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಅವುಗಳ ಬಲ ತಗ್ಗಿಸುತ್ತದೆ. ಆ ಮಾತ್ರೆ ತಿನ್ನುವವರು ಕೂಡ ಸೊಪ್ಪು ಬಿಡಬೇಕಾಗಿಲ್ಲ. ಒಂದು ವಾರ ದಿನಾ ಮಸ್ಸೊಪ್ಪು, ಮುಂದಿನ ವಾರ ಒಂದೆಲೆಯೂ ಇಲ್ಲ ಅಂತ ಮಾಡಬಾರದು, ಒಂದೇ ಹದದಲ್ಲಿರಬೇಕು. ಜೊತೆಗೆ ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಅಂತ ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸುತ್ತಾ 2ರಿಂದ 3ರ ನಡುವೆ ಇಟ್ಟುಕೊಳ್ಳಬೇಕು. ನಿಮ್ಮ ಅಪ್ಪನಿಗೆ ಬಸ್ಸಾರು ಧಾರಾಳವಾಗಿ ಬಡಿಸಿ. ಬಿಡಬೇಕಾದದ್ದು ನೋವಿನ ಮಾತ್ರೆ. ಕಾಲು ನೋವು ಅಂತ ಮೆಡಿಕಲ್ ಸ್ಟೋರಿನಿಂದ ಡೈಕ್ಲೋಫೆನಾಕ್ ತಂದು ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಪ್ಯಾರಸಿಟಮಾಲ್ ಆಗುತ್ತದೆ. ಊರಿನ ಕ್ಲಿನಿಕ್‌ನಲ್ಲಿ ಸೊಂಟಕ್ಕೆ ಸೂಜಿ ಹಾಕಿಸಿಕೊಳ್ಳುವುದೂ ಬೇಡ, ಸ್ನಾಯುವಿನೊಳಗೆ ರಕ್ತ ತುಂಬಿಕೊಳ್ಳುತ್ತದೆ. ಟಿಬಿ ಔಷಧಿ ಶುರುವಾದರೆ ಡಾಕ್ಟರಿಗೆ ಈ ಮಾತ್ರೆಯ ವಿಷಯ ಹೇಳಲೇಬೇಕು. ಟಿಬಿಗೆ ಕೊಡುವ ರಿಫಾಂಪಿಸಿನ್ ಇದರ ಬಲವನ್ನು ತುಂಬಾ ಕುಂದಿಸುತ್ತದೆ.

ಎಷ್ಟು ದಿನ ಅಂದರೆ, ಕನಿಷ್ಠ ಮೂರು ತಿಂಗಳು. ಅಪ್ಪನಿಗೆ ಅಷ್ಟೇ ಸಾಕಾಗಬಹುದು. ಮೂಳೆ ಮುರಿತದಂಥ ಸ್ಪಷ್ಟ ಕಾರಣದಿಂದ ಹೆಪ್ಪು ಬಂದು, ಆ ಕಾರಣ ದೂರವಾದರೆ, ಮತ್ತೆ ಬರುವ ಸಾಧ್ಯತೆ ವರ್ಷಕ್ಕೆ 3%ಗಿಂತ ಕಡಿಮೆ. ಏನೂ ಕಾರಣವಿಲ್ಲದೆ ಬಂದವರ ಪಾಡು ಬೇರೆ. ಅವರು ಔಷಧಿ ನಿಲ್ಲಿಸಿದರೆ ಒಂದು ವರ್ಷದಲ್ಲಿ ಸುಮಾರು 10%, ಐದು ವರ್ಷದಲ್ಲಿ 25%, ಹತ್ತು ವರ್ಷದಲ್ಲಿ 36% ಜನಕ್ಕೆ ಮರುಕಳಿಸುತ್ತದೆ. ಅಂಥವರು ಹಲವರಿಗೆ ವರ್ಷಗಟ್ಟಲೆ ಮಾತ್ರೆ ಬೇಕಾಗುತ್ತದೆ.

ವಂಶದ ವಿಷಯ. 58ರ ವಯಸ್ಸಿನಲ್ಲಿ, ಕಾಲು ಮುರಿದು ಬಂದದ್ದಕ್ಕೆ ಜೀನ್ ಪರೀಕ್ಷೆ ಮಾಡಿಸಿ ದುಡ್ಡು ಕಳೆಯಬೇಡಿ. ಆದರೆ ತಂಗಿಯ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಹೆರಿಗೆಯ ನಂತರದ ಮೊದಲ ಆರು ವಾರ ಹೆಣ್ಣುಮಕ್ಕಳಿಗೆ ಹೆಪ್ಪಿನ ಅಪಾಯ ತುಂಬಾ ಜಾಸ್ತಿ, ಸಿಸೇರಿಯನ್ ಆಗಿದ್ದರೆ ಇನ್ನೂ ಹೆಚ್ಚು. ನಮ್ಮ ಕಡೆಯ ಬಾಣಂತನದಲ್ಲಿ ಏನು ಮಾಡುತ್ತೇವೆ? ನೀರು ಕುಡಿದರೆ ಹೊಟ್ಟೆ ಬರುತ್ತೆ ಅಂತ ನೀರು ಕಡಿಮೆ ಕೊಡುತ್ತೇವೆ, ಎದ್ದು ಓಡಾಡಿದರೆ ವಾಯು ಅಂತ ಮಲಗಿಸಿಯೇ ಇಡುತ್ತೇವೆ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ತಲೆಗೆ ಬಟ್ಟೆ, ಅಜ್ಜಿಯ ಖಾರದುಂಡೆ ಎಲ್ಲ ಇರಲಿ. ನೀರು ಮಾತ್ರ ಕೇಳಿದಷ್ಟು ಕೊಡಿ, ಕೋಣೆಯೊಳಗಾದರೂ ದಿನಕ್ಕೆ ಹಲವು ಸಲ ನಡೆಸಿ. ಒಂದೇ ಕಾಲು ಊದಿದರೆ, ದಿಢೀರ್ ಏದುಸಿರು ಬಂದರೆ, ಬಿಡದ ತಲೆನೋವು ಬಂದರೆ ದೃಷ್ಟಿ ತೆಗೆಯುತ್ತಾ ಕೂರಬೇಡಿ, ಕರೆದುಕೊಂಡು ಬನ್ನಿ. ಬಾಣಂತಿಯ ತಲೆನೋವಿಗೆ ಮಿದುಳಿನ ರಕ್ತನಾಳದಲ್ಲಿ ಕೂತ ಹೆಪ್ಪೂ ಕಾರಣವಾಗಬಹುದು. ಇನ್ನೊಂದು ಮಾತು, ಹಬ್ಬಕ್ಕೆ, ಮದುವೆಗೆ, ದೇವಸ್ಥಾನಕ್ಕೆ ಅಂತ ಮುಟ್ಟು ಮುಂದೂಡುವ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನುಂಗುವುದು ಬೇಡ. ಅದೂ ಹೆಪ್ಪಿನ ಅಪಾಯ ಹೆಚ್ಚಿಸುತ್ತದೆ. ಮನೆಯಲ್ಲಿ ಯಾರಿಗಾದರೂ ಹೆಪ್ಪು ಬಂದಿದ್ದರೆ ಡಾಕ್ಟರಿಗೆ ಅದನ್ನು ಮೊದಲೇ ಹೇಳಿ.

ಗದ್ದೆಗೆ ಇಳಿಯುವುದು ಮೂಳೆ ಕೂಡುವುದರ ಮೇಲೆ ನಿಂತಿದೆ, ಶ್ವಾಸಕೋಶದ ಕಡೆಯಿಂದ ಈಗಲೇ ನಿಧಾನವಾಗಿ ಓಡಾಡಲು ಅಡ್ಡಿಯಿಲ್ಲ. ಮಲಗಿಸಿಡುವುದೇ ತಪ್ಪು. ಊರುಗೋಲು ಹಿಡಿದು ಜಗಲಿಯವರೆಗೆ, ಆಮೇಲೆ ಬೀದಿಯ ತುದಿಯವರೆಗೆ. ಮಾತ್ರೆ ಮುಗಿಯುವ ತನಕ ಮಚ್ಚು ಹಿಡಿದು ಕಬ್ಬು ಕಡಿಯುವುದು ಬೇಡ, ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ನೀರು ಕಟ್ಟುವುದು, ಆಳುಗಳ ಜೊತೆ ನಿಂತು ಕೆಲಸ ಮಾಡಿಸುವುದು ಆಗಬಹುದು.

ಕೆಲವು ತಿಂಗಳು ಮೊದಲಿನ ದಮ್ಮು ಇರುವುದಿಲ್ಲ, ಅದಕ್ಕೆ ಗಾಬರಿ ಬೇಡ. ಹಲವರಿಗೆ ವರ್ಷದವರೆಗೂ ಸ್ವಲ್ಪ ಸುಸ್ತು, ಏದುಸಿರು ಉಳಿಯುತ್ತದೆ. ಬಹುಪಾಲು ಅದು ಮಲಗಿ ಮಲಗಿ ಶಕ್ತಿ ಕುಂದಿದ್ದರಿಂದ, ನಡೆದಂತೆ ಸರಿಹೋಗುತ್ತದೆ. ಆದರೆ ನೂರಕ್ಕೆ ಎರಡರಿಂದ ನಾಲ್ಕು ಜನರಲ್ಲಿ ಹೆಪ್ಪು ಪೂರ್ತಿ ಕರಗದೆ ನಾಳದ ಗೋಡೆಗೆ ಅಂಟಿ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಶ್ವಾಸಕೋಶದ ಬಿಪಿ ಏರಿ, ಬಲಭಾಗ ಮತ್ತೆ ಬಳಲಲು ಶುರುವಾಗುತ್ತದೆ. ಅದಕ್ಕೂ ದಾರಿ ಇದೆ. ಆ ಗಟ್ಟಿ ಪದರವನ್ನು ಸುಲಿದು ತೆಗೆಯುವ ಆಪರೇಷನ್ ಬೆಂಗಳೂರಿನಲ್ಲೇ ಆಗುತ್ತದೆ. ಪತ್ತೆಯಾಗಬೇಕು ಅಷ್ಟೇ. ಮೂರು ತಿಂಗಳ ಮಾತ್ರೆ ಮುಗಿಯುವ ಹೊತ್ತಿಗೆ ಒಮ್ಮೆ ಎಕೋ ಮಾಡಿಸಿ. ಮೈಸೂರಿನ ಜಯದೇವದಲ್ಲಿ ಮಾಡಿಸಿದರೂ ಆಯಿತು, ಮೊದಲು ತೋರಿಸಿದ ಕಡೆಯೇ ಆದರೂ ಆಯಿತು. ಹಳೆಯ ಎಕೋ ರಿಪೋರ್ಟ್ ಜೊತೆಗಿರಲಿ, ಹೋಲಿಸಿ ನೋಡಲು ಬೇಕು.

ಮಧ್ಯೆ ಎಂದಾದರೂ ಮತ್ತೆ ಏದುಸಿರು ಹೆಚ್ಚಿದರೆ, ತಲೆ ಸುತ್ತಿದರೆ, ಕಪ್ಪು ಮಲ ಹೋದರೆ, ತಲೆಗೆ ಪೆಟ್ಟು ಬಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಕರೆ ಮಾಡಿ. ಹೋದ ಕಡೆ ಮೊದಲು ಹೇಳಬೇಕಾದದ್ದು ಎರಡು ಮಾತು: ಶ್ವಾಸಕೋಶದಲ್ಲಿ ಹೆಪ್ಪು ಇತ್ತು, ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದೆ. ಮಾತ್ರೆಯ ಹೆಸರು, ಪ್ರಮಾಣ ಬರೆದ ಚೀಟಿಯೊಂದು ಅಪ್ಪನ ಅಂಗಿ ಜೇಬಿನಲ್ಲಿರಲಿ. ಪ್ಲಾಸ್ಟರ್ ಬಿಚ್ಚಿಸಲು ಹೋದಾಗ ಮೂಳೆ ಡಾಕ್ಟರಿಗೂ ಅದನ್ನೇ ತೋರಿಸಿ.